ವಯಸ್ಕರಲ್ಲಿ ಜನ್ಮಜಾತ ಶ್ವಾಸನಾಳ-ಅನ್ನನಾಳ ಫಿಸ್ಟುಲಾ

ವಯಸ್ಕರಲ್ಲಿ ಜನ್ಮಜಾತ ಶ್ವಾಸನಾಳ-ಅನ್ನನಾಳ ಫಿಸ್ಟುಲಾ ಎಂಬುದು ಗಾಳಿ ಸಾಗುವ ಶ್ವಾಸನಾಳ ಅಥವಾ ಅದರ ಕವಲುಗಳಿಗೂ ಆಹಾರ ಸಾಗುವ ಅನ್ನನಾಳಕ್ಕೂ ನಡುವೆ ಹುಟ್ಟಿನಿಂದಲೇ ಇದ್ದು, ಬಾಲ್ಯದಲ್ಲಿ ಗುರುತಿಸಲ್ಪಡದೆ, ಪ್ರಾಯಕ್ಕೆ ಬಂದ ಮೇಲೆ ಪತ್ತೆಯಾಗುವ ಅಸಹಜ ಸಂಪರ್ಕವಾಗಿದೆ. ಎರಡು ಪೊಳ್ಳು ಅಂಗಗಳ ನಡುವೆ ಇರಬಾರದ ಕಡೆ ಏರ್ಪಟ್ಟ ದಾರಿಯನ್ನು ವೈದ್ಯಶಾಸ್ತ್ರದಲ್ಲಿ ಫಿಸ್ಟುಲಾ ಎನ್ನುತ್ತಾರೆ. ಈ ದಾರಿಯ ಮೂಲಕ ನುಂಗಿದ ನೀರು, ಜೊಲ್ಲು ಮತ್ತು ಆಹಾರದ ಕಣಗಳು ಶ್ವಾಸಕೋಶವನ್ನು ಸೇರುತ್ತವೆ. ಇದರಿಂದ ನುಂಗುವಾಗ ಕೆಮ್ಮು, ಮರುಕಳಿಸುವ ನ್ಯುಮೋನಿಯಾ ಮತ್ತು ಕಾಲಕ್ರಮದಲ್ಲಿ ಶ್ವಾಸಕೋಶದ ಶಾಶ್ವತ ಹಾನಿ ಉಂಟಾಗುತ್ತವೆ.

ಈ ಸ್ಥಿತಿ ವಿರಳವಾದುದು. ಇದರ ಲಕ್ಷಣಗಳು ಅಸ್ತಮಾ, ದೀರ್ಘಕಾಲಿಕ ಬ್ರಾಂಕೈಟಿಸ್ ಮತ್ತು ಕ್ಷಯರೋಗದ ಲಕ್ಷಣಗಳನ್ನು ಹೋಲುವುದರಿಂದ ಕೆಲವು ರೋಗಿಗಳು ದಶಕಗಳ ಕಾಲ ಬೇರೆ ರೋಗದ ಚಿಕಿತ್ಸೆಯನ್ನೇ ಪಡೆಯುತ್ತಿರುತ್ತಾರೆ. ಫಿಸ್ಟುಲಾ ಒಮ್ಮೆ ಪತ್ತೆಯಾದರೆ ಸಾಮಾನ್ಯವಾಗಿ ಒಂದೇ ಶಸ್ತ್ರಚಿಕಿತ್ಸೆಯಿಂದ ಅದನ್ನು ಮುಚ್ಚಬಹುದು. ಆದ್ದರಿಂದ ಈ ರೋಗದಲ್ಲಿ ಚಿಕಿತ್ಸೆಗಿಂತ ಸಂಶಯಪಡುವುದೇ ಕಠಿಣವಾದ ಹಂತವೆನಿಸಿದೆ.

ಅಂಗರಚನೆ ಮತ್ತು ಭ್ರೂಣವಿಕಾಸ

ಶ್ವಾಸನಾಳ ಮತ್ತು ಅನ್ನನಾಳಗಳು ಕುತ್ತಿಗೆಯಲ್ಲಿ ಆರನೆಯ ಕಶೇರುವಿನ ಮಟ್ಟದಲ್ಲಿ ಆರಂಭವಾಗಿ ಒಂದರ ಹಿಂದೆ ಒಂದರಂತೆ ಎದೆಗೂಡಿಗೆ ಇಳಿಯುತ್ತವೆ. ಶ್ವಾಸನಾಳವು ಮುಂದೆಯೂ ಅನ್ನನಾಳವು ಅದರ ಬೆನ್ನಿಗೆ ಅಂಟಿದಂತೆ ಹಿಂದೆಯೂ ಇರುತ್ತದೆ. ಶ್ವಾಸನಾಳದ ಮೃದ್ವಸ್ಥಿಯ ಉಂಗುರಗಳು ಪೂರ್ಣ ವೃತ್ತಗಳಲ್ಲ. ಅವು ಹಿಂಬದಿಯಲ್ಲಿ ತೆರೆದಿದ್ದು, ಆ ಭಾಗವನ್ನು ಪೊರೆ ಮತ್ತು ಸ್ನಾಯು ಮಾತ್ರ ಮುಚ್ಚಿರುತ್ತವೆ. ಶ್ವಾಸನಾಳದ ಫಿಸ್ಟುಲಾಗಳು ತೆರೆದುಕೊಳ್ಳುವುದು ಈ ಹಿಂಬದಿಯ ಪೊರೆಯ ಭಾಗದಲ್ಲಿ.

ಈ ಎರಡೂ ನಾಳಗಳು ಭ್ರೂಣದಲ್ಲಿ ಮುನ್ಕರುಳು ಎಂಬ ಒಂದೇ ಕೊಳವೆಯಿಂದ ರೂಪುಗೊಳ್ಳುತ್ತವೆ. ಗರ್ಭದ ನಾಲ್ಕನೆಯ ವಾರದಲ್ಲಿ ಈ ಕೊಳವೆಯ ಮುಂಭಾಗದಿಂದ ಶ್ವಾಸಕೋಶದ ಮೊಗ್ಗು ಹೊರಡುತ್ತದೆ. ಮುಂದಿನ ದಿನಗಳಲ್ಲಿ ಕೊಳವೆಯು ಮುಂದಿನ ಶ್ವಾಸಭಾಗ ಮತ್ತು ಹಿಂದಿನ ಅನ್ನಭಾಗವಾಗಿ ಬೇರ್ಪಡುತ್ತದೆ. ಈ ಬೇರ್ಪಡುವಿಕೆ ಎಲ್ಲಾದರೂ ಒಂದೆಡೆ ಅಪೂರ್ಣವಾಗಿ ಉಳಿದರೆ ಅಲ್ಲಿ ಫಿಸ್ಟುಲಾ ಉಳಿದುಬಿಡುತ್ತದೆ.

ನವಜಾತ ಶಿಶುಗಳಲ್ಲಿ ಅನ್ನನಾಳದ ಜನ್ಮಜಾತ ದೋಷಗಳು ಸುಮಾರು 2,500ರಿಂದ 4,500 ಜನನಗಳಿಗೆ ಒಂದರಂತೆ ಕಂಡುಬರುತ್ತವೆ. ಇವುಗಳಲ್ಲಿ ಬಹುಪಾಲು ಶಿಶುಗಳ ಅನ್ನನಾಳವು ನಡುವೆ ತುಂಡಾಗಿ ಮುಚ್ಚಿಹೋಗಿರುತ್ತದೆ. ಅಂತಹ ಶಿಶುವು ಮೊದಲ ಹಾಲನ್ನೇ ನುಂಗಲಾರದ ಕಾರಣ ದೋಷವು ಹುಟ್ಟಿದ ದಿನವೇ ಗೊತ್ತಾಗುತ್ತದೆ. ಸುಮಾರು ಶೇಕಡಾ 4ರಷ್ಟು ಪ್ರಕರಣಗಳಲ್ಲಿ ಮಾತ್ರ ಅನ್ನನಾಳವು ಅಖಂಡವಾಗಿದ್ದು, ಕೇವಲ ಫಿಸ್ಟುಲಾ ಇರುತ್ತದೆ. ಈ ವಿಧದಲ್ಲಿ ನುಂಗುವಿಕೆ ನಡೆಯುತ್ತಲೇ ಇರುವುದರಿಂದ ವ್ಯಕ್ತಿಯು ದೋಷದೊಡನೆಯೇ ಪ್ರಾಯಕ್ಕೆ ಬರುವುದು ಸಾಧ್ಯವಾಗುತ್ತದೆ.

ಇತಿಹಾಸ

ಮುಚ್ಚಿದ ಅನ್ನನಾಳ ಮತ್ತು ಫಿಸ್ಟುಲಾ ಎರಡೂ ಇದ್ದ ಶಿಶುವಿನ ಸ್ಪಷ್ಟ ವರ್ಣನೆಯನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ಗಿಬ್ಸನ್ 1697ರಲ್ಲಿ ನೀಡಿದನು. ಅನ್ನನಾಳ ಅಖಂಡವಾಗಿದ್ದು ಫಿಸ್ಟುಲಾ ಮಾತ್ರ ಇರುವ ವಿಧವನ್ನು ಅಮೆರಿಕದ ಲ್ಯಾಂಬ್ 1873ರಲ್ಲಿ ವರ್ಣಿಸಿದನು. ಈ ವಿಧದ ಫಿಸ್ಟುಲಾವನ್ನು ಯಶಸ್ವಿಯಾಗಿ ಮುಚ್ಚಿದ ಶಸ್ತ್ರಚಿಕಿತ್ಸೆಯನ್ನು ಇಂಪೆರಟೋರಿ 1939ರಲ್ಲಿ ಪ್ರಕಟಿಸಿದನು. ಮುಚ್ಚಿದ ಅನ್ನನಾಳವನ್ನು ಒಂದೇ ಹಂತದಲ್ಲಿ ಜೋಡಿಸಿ ಫಿಸ್ಟುಲಾವನ್ನೂ ಮುಚ್ಚುವ ಮೊದಲ ಯಶಸ್ವಿ ಶಸ್ತ್ರಚಿಕಿತ್ಸೆಯನ್ನು ಕ್ಯಾಮರೂನ್ ಹೈಟ್ 1941ರಲ್ಲಿ ಅಮೆರಿಕದ ಮಿಚಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ನಡೆಸಿದನು. ವಯಸ್ಕರಲ್ಲಿ ಕಂಡುಬರುವ ಅನ್ನನಾಳ-ಶ್ವಾಸಕವಲು ಫಿಸ್ಟುಲಾಗಳನ್ನು ಬ್ರೇಂಬ್ರಿಡ್ಜ್ ಮತ್ತು ಕೀತ್ 1965ರಲ್ಲಿ ಬ್ರಿಟನ್ನಿನ ಥೊರಾಕ್ಸ್ ಪತ್ರಿಕೆಯಲ್ಲಿ ವರ್ಗೀಕರಿಸಿದರು.

ವರ್ಗೀಕರಣ

ವಯಸ್ಕರಲ್ಲಿ ಪತ್ತೆಯಾಗುವ ಜನ್ಮಜಾತ ಸಂಪರ್ಕಗಳನ್ನು ಅವು ತೆರೆದುಕೊಳ್ಳುವ ಸ್ಥಾನಕ್ಕೆ ಅನುಗುಣವಾಗಿ ಎರಡು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಶ್ವಾಸನಾಳಕ್ಕೇ ತೆರೆದುಕೊಳ್ಳುವ ಗುಂಪು. ಸಮಾನಾಂತರವಾದ ಎರಡು ನಾಳಗಳನ್ನು ಅಡ್ಡಗೆರೆಯೊಂದು ಸೇರಿಸಿದಂತೆ ಕಾಣುವುದರಿಂದ ಇದಕ್ಕೆ ಎಚ್-ಮಾದರಿ ಎಂಬ ಹೆಸರು ಬಂದಿದೆ. ಗ್ರಾಸ್ 1953ರಲ್ಲಿ ನೀಡಿದ ವರ್ಗೀಕರಣದಲ್ಲಿ ಇದು ಇ ವಿಧವಾಗಿದೆ. ವಾಸ್ತವದಲ್ಲಿ ಈ ಅಡ್ಡಗೆರೆಯು ಓರೆಯಾಗಿರುತ್ತದೆ. ಶ್ವಾಸನಾಳದ ಕಡೆಯ ಬಾಯಿ ಮೇಲೆ, ಅನ್ನನಾಳದ ಕಡೆಯ ಬಾಯಿ ಕೆಳಗೆ ಇರುವುದರಿಂದ ಎನ್-ಮಾದರಿ ಎಂಬ ಹೆಸರೇ ಹೆಚ್ಚು ಸರಿಯೆಂದು ಹಲವರು ಹೇಳುತ್ತಾರೆ. ಬಹುಪಾಲು ಎಚ್-ಮಾದರಿಯ ಫಿಸ್ಟುಲಾಗಳು ಕುತ್ತಿಗೆಯ ಕೆಳಭಾಗ ಮತ್ತು ಎದೆಗೂಡಿನ ಮೇಲ್ದ್ವಾರದ ನಡುವೆ ಇರುತ್ತವೆ.

ಎರಡನೆಯದು ಶ್ವಾಸಕವಲುಗಳಿಗೆ ತೆರೆದುಕೊಳ್ಳುವ ಗುಂಪು. ಬಲ ಶ್ವಾಸಕೋಶದ ಕೆಳಹಾಲೆಯ ಕವಲುಗಳೇ ಇದರಲ್ಲಿ ಹೆಚ್ಚಾಗಿ ಒಳಗಾಗುತ್ತವೆ. ಬ್ರೇಂಬ್ರಿಡ್ಜ್ ಮತ್ತು ಕೀತ್ ಇದನ್ನು ನಾಲ್ಕು ವಿಧಗಳಾಗಿ ವಿಂಗಡಿಸಿದ್ದಾರೆ:

1. ಅನ್ನನಾಳದಿಂದ ಹೊರಚಾಚಿದ ಅಗಲಬಾಯಿಯ ಜನ್ಮಜಾತ ಚೀಲವೊಂದರ ತುದಿಯು ಉರಿಯೂತಕ್ಕೆ ಒಳಗಾಗಿ ಶ್ವಾಸಕೋಶಕ್ಕೆ ತೂತಾಗುವ ವಿಧ.
2. ಅನ್ನನಾಳದಿಂದ ಹಾಲೆಯ ಅಥವಾ ಉಪಹಾಲೆಯ ಶ್ವಾಸಕವಲಿಗೆ ನೇರವಾಗಿ ಹೋಗುವ ಚಿಕ್ಕ ನಾಳದ ವಿಧ. ಇದೇ ಎಲ್ಲಕ್ಕಿಂತ ಸಾಮಾನ್ಯವಾದುದು.
3. ಅನ್ನನಾಳವು ಶ್ವಾಸಕೋಶದೊಳಗಿನ ದ್ರವಕೋಶವೊಂದಕ್ಕೆ ತೆರೆದು, ಆ ಕೋಶವು ಶ್ವಾಸಕವಲಿಗೆ ತೆರೆದುಕೊಳ್ಳುವ ವಿಧ.
4. ಶ್ವಾಸಕೋಶದ ಉಳಿದ ಭಾಗದಿಂದ ಪ್ರತ್ಯೇಕಗೊಂಡು, ಮಹಾಧಮನಿಯಿಂದ ನೇರವಾಗಿ ರಕ್ತ ಪಡೆಯುವ ತುಂಡೊಂದಕ್ಕೆ ಅನ್ನನಾಳವು ತೆರೆದುಕೊಳ್ಳುವ ವಿಧ.

ಈ ವಿಂಗಡಣೆಗೆ ಶಸ್ತ್ರಚಿಕಿತ್ಸೆಯಲ್ಲಿ ನೇರವಾದ ಪ್ರಯೋಜನವಿದೆ. ಎರಡನೆಯ ವಿಧದಲ್ಲಿ ಶ್ವಾಸಕೋಶವು ಆರೋಗ್ಯವಾಗಿದ್ದರೆ ನಾಳವನ್ನು ಕತ್ತರಿಸಿ ಮುಚ್ಚಿದರೆ ಸಾಕು. ಮೂರನೆಯ ಮತ್ತು ನಾಲ್ಕನೆಯ ವಿಧಗಳಲ್ಲಿ ಶ್ವಾಸಕೋಶದ ಭಾಗವನ್ನೂ ತೆಗೆಯಬೇಕಾಗುತ್ತದೆ.

ತಡವಾಗಿ ಪತ್ತೆಯಾಗಲು ಕಾರಣಗಳು

ಹುಟ್ಟಿನಿಂದಲೇ ಇರುವ ದಾರಿಯೊಂದು ಮೂವತ್ತು ನಲವತ್ತು ವರ್ಷಗಳ ಕಾಲ ಹೇಗೆ ಮರೆಯಾಗಿರಬಲ್ಲದು ಎಂಬುದಕ್ಕೆ ಹಲವು ವಿವರಣೆಗಳಿವೆ. ಫಿಸ್ಟುಲಾದ ಬಾಯಿಯನ್ನು ತೆಳುವಾದ ಪೊರೆಯೊಂದು ಮುಚ್ಚಿದ್ದು ಅದು ಮುಂದೆ ಹರಿದಿರಬಹುದು. ಅನ್ನನಾಳದ ಲೋಳೆಪೊರೆಯ ಮಡಿಕೆಯು ಕವಾಟದಂತೆ ಅದನ್ನು ಮುಚ್ಚಿಕೊಂಡಿರಬಹುದು. ನಾಳವು ಅನ್ನನಾಳದಿಂದ ಮೇಲ್ಮುಖವಾಗಿ ಏರುವುದರಿಂದ ನೇರವಾಗಿ ಕುಳಿತು ನುಂಗುವಾಗ ದ್ರವವು ಅದರೊಳಗೆ ಸುಲಭವಾಗಿ ಹೋಗದಿರಬಹುದು. ನುಂಗುವ ಸಮಯದಲ್ಲಿ ನಾಳದ ಗೋಡೆಯ ಸ್ನಾಯು ಸಂಕುಚಿಸಿ ದಾರಿಯನ್ನು ಬಿಗಿಯುವ ಸಾಧ್ಯತೆಯೂ ಇದೆ.

ಇವುಗಳ ಜೊತೆಗೆ ರೋಗಿಯ ಹೊಂದಾಣಿಕೆಯೂ ಒಂದು ಕಾರಣ. ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು, ಒಂದು ಮಗ್ಗುಲಿಗೆ ವಾಲಿ ನುಂಗುವುದು, ತೆಳು ಸಾರಿಗಿಂತ ಗಟ್ಟಿ ಆಹಾರವನ್ನು ಮೆಚ್ಚುವುದು ಮೊದಲಾದ ಅಭ್ಯಾಸಗಳು ಬಾಲ್ಯದಿಂದಲೇ ಬೆಳೆದಿರುತ್ತವೆ. ನುಂಗಿದ್ದು ಗಾಳಿಯ ದಾರಿಗೆ ಹೋಗಿ ಕೆಮ್ಮು ಬರುವುದನ್ನು ಕನ್ನಡದಲ್ಲಿ ನೆತ್ತಿಗೇರುವುದು ಅಥವಾ ನೆತ್ತಿಗೆ ಹತ್ತುವುದು ಎನ್ನುತ್ತಾರೆ. ಯಾರೋ ನೆನೆಸಿಕೊಂಡರೆಂದು ಹೇಳಿ ನೆತ್ತಿ ತಟ್ಟಿ ಮರೆತುಬಿಡುವ ರೂಢಿಯೂ ಇದೆ. ಎಂದೋ ಒಮ್ಮೆ ಹೀಗಾಗುವುದು ಎಲ್ಲರಿಗೂ ಸಹಜ. ಆದರೆ ಪ್ರತಿದಿನವೂ ನೀರು ಕುಡಿದಾಗಲೆಲ್ಲ ಹೀಗಾಗುವುದು ಸಹಜವಲ್ಲ. ಅದನ್ನು ತನ್ನ ಸ್ವಭಾವವೆಂದೇ ಬಗೆದ ರೋಗಿಯು ವೈದ್ಯರಿಗೆ ತಾನಾಗಿ ಹೇಳುವುದಿಲ್ಲ.

ಲಕ್ಷಣಗಳು

ನೀರು ಮೊದಲಾದ ದ್ರವಗಳನ್ನು ನುಂಗಿದ ಕೂಡಲೇ ಬರುವ ಕೆಮ್ಮಿನ ಅಲೆಯು ಈ ರೋಗದ ಅತ್ಯಂತ ಸೂಚಕವಾದ ಲಕ್ಷಣವಾಗಿದೆ. ಇದನ್ನು ಓನೊ ಚಿಹ್ನೆ ಎಂದು ಕರೆಯುತ್ತಾರೆ. ಕೆಮ್ಮು ಮಲಗಿದಾಗ ಹೆಚ್ಚಾಗಬಹುದು. ಗಟ್ಟಿ ಆಹಾರಕ್ಕೆ ಬಾರದೆಯೂ ಇರಬಹುದು. ಇತರ ಲಕ್ಷಣಗಳು ಹೀಗಿವೆ:

* ಕಫದಲ್ಲಿ ಆಹಾರದ ಕಣಗಳು ಕಾಣಿಸಿಕೊಳ್ಳುವುದು.
* ಒಂದೇ ಹಾಲೆಯಲ್ಲಿ, ಮುಖ್ಯವಾಗಿ ಕೆಳಹಾಲೆಯಲ್ಲಿ, ಮತ್ತೆ ಮತ್ತೆ ಬರುವ ನ್ಯುಮೋನಿಯಾ.
* ದುರ್ಗಂಧದ ಕಫ ಮತ್ತು ಕಫದಲ್ಲಿ ರಕ್ತ.
* ಗಾಳಿಯು ಅನ್ನನಾಳಕ್ಕೆ ನುಗ್ಗುವುದರಿಂದ ಹೊಟ್ಟೆಯುಬ್ಬರ ಮತ್ತು ಪದೇ ಪದೇ ತೇಗು.
* ತೂಕ ಕಡಿಮೆಯಾಗುವುದು.

ಸೋಂಕು ವರ್ಷಗಟ್ಟಲೆ ಮರುಕಳಿಸಿದರೆ ಶ್ವಾಸಕವಲುಗಳ ಗೋಡೆ ಶಿಥಿಲಗೊಂಡು ಅವು ಶಾಶ್ವತವಾಗಿ ಹಿಗ್ಗುತ್ತವೆ. ಬ್ರಾಂಕಿಯೆಕ್ಟಾಸಿಸ್ ಎನ್ನಲಾಗುವ ಈ ಸ್ಥಿತಿಯು ಫಿಸ್ಟುಲಾವನ್ನು ಮುಚ್ಚಿದ ಮೇಲೂ ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ಶ್ವಾಸಕೋಶದ ಕೀವುಗಡ್ಡೆಯೂ ಉಂಟಾಗಬಹುದು.

ಕೆಲವು ಪ್ರಕರಣಗಳು ಬೇರೊಂದು ಶಸ್ತ್ರಚಿಕಿತ್ಸೆಗೆ ಅರಿವಳಿಕೆ ನೀಡುವಾಗ ಅಥವಾ ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸಿದಾಗ ಬೆಳಕಿಗೆ ಬಂದಿವೆ. ಯಂತ್ರದ ಒತ್ತಡದಿಂದ ಗಾಳಿಯು ಫಿಸ್ಟುಲಾದ ಮೂಲಕ ಜಠರಕ್ಕೆ ನುಗ್ಗಿ ಹೊಟ್ಟೆ ಉಬ್ಬುವುದು ಆಗಿನ ಸುಳಿವಾಗಿರುತ್ತದೆ.

ರೋಗನಿರ್ಣಯ

ರೋಗಿಯ ಹೇಳಿಕೆ

ದೀರ್ಘಕಾಲಿಕ ಕೆಮ್ಮಿನ ರೋಗಿಗೆ ನೀರು ಕುಡಿದಾಗ ಕೆಮ್ಮು ಬರುತ್ತದೆಯೇ ಎಂದು ನೇರವಾಗಿ ಕೇಳುವುದು ನಿರ್ಣಯದ ಮೊದಲ ಹೆಜ್ಜೆಯಾಗಿದೆ. ಉತ್ತರ ಹೌದೆಂದಾದರೆ, ಅದು ಎಂದಿನಿಂದ ಇದೆ, ಬಾಲ್ಯದಲ್ಲಿ ಹಾಲು ಕುಡಿಯುವಾಗ ಉಸಿರು ಕಟ್ಟಿ ಮೈ ನೀಲಿಗಟ್ಟಿತ್ತೇ, ಪದೇ ಪದೇ ನ್ಯುಮೋನಿಯಾ ಬಂದಿತ್ತೇ ಎಂಬುದನ್ನು ವಿಚಾರಿಸಬೇಕು. ಸಾಧ್ಯವಿದ್ದರೆ ರೋಗಿಯ ತಾಯಿ ಅಥವಾ ಹಿರಿಯರಿಂದ ಈ ವಿವರಗಳನ್ನು ಪಡೆಯುವುದು ಉಪಯುಕ್ತ.

ಬೇರಿಯಂ ಪರೀಕ್ಷೆ

ತೆಳುವಾದ ಬೇರಿಯಂ ದ್ರಾವಣವನ್ನು ನುಂಗಿಸಿ ಕ್ಷಕಿರಣದ ಮೂಲಕ ಚಲಿಸುವ ಚಿತ್ರವನ್ನು ನೋಡುವ ಪರೀಕ್ಷೆಯು ಈ ರೋಗವನ್ನು ಪತ್ತೆಹಚ್ಚುವ ಪ್ರಮುಖ ಸಾಧನವಾಗಿದೆ. ರೋಗಿಯು ನಿಂತಿರುವಾಗ ಫಿಸ್ಟುಲಾ ಕಾಣದೆ ಹೋಗಬಹುದು. ಆದ್ದರಿಂದ ಬೋರಲಾಗಿ ಅಥವಾ ಮಗ್ಗುಲಾಗಿ ಮಲಗಿಸಿ ಪರೀಕ್ಷಿಸುತ್ತಾರೆ. ಸಂಶಯ ಬಲವಾಗಿದ್ದರೆ ಮೂಗಿನ ಮೂಲಕ ಅನ್ನನಾಳಕ್ಕೆ ಕೊಳವೆ ಇಳಿಸಿ, ಅದನ್ನು ಮೆಲ್ಲಗೆ ಮೇಲೆಳೆಯುತ್ತಾ ಪ್ರತಿ ಮಟ್ಟದಲ್ಲೂ ಸ್ವಲ್ಪ ಸ್ವಲ್ಪವಾಗಿ ದ್ರಾವಣವನ್ನು ಒತ್ತಡದಿಂದ ಬಿಡುತ್ತಾರೆ.

ಇಲ್ಲಿ ದ್ರಾವಣದ ಆಯ್ಕೆ ಮುಖ್ಯ. ನೀರಿನಲ್ಲಿ ಕರಗುವ ಅಧಿಕ ಸಾಂದ್ರತೆಯ ಅಯೋಡಿನ್ ದ್ರಾವಣಗಳು ಶ್ವಾಸಕೋಶವನ್ನು ಸೇರಿದರೆ ಅಲ್ಲಿ ನೀರು ತುಂಬಿಕೊಂಡು ಪ್ರಾಣಾಪಾಯವಾಗಬಹುದು. ಆದ್ದರಿಂದ ಶ್ವಾಸಮಾರ್ಗದ ಫಿಸ್ಟುಲಾ ಸಂಶಯವಿರುವಾಗ ತೆಳು ಬೇರಿಯಂ ಅಥವಾ ಕಡಿಮೆ ಸಾಂದ್ರತೆಯ ಅಯಾನುರಹಿತ ದ್ರಾವಣವನ್ನೇ ಬಳಸುತ್ತಾರೆ. ದ್ರಾವಣವು ಶ್ವಾಸನಾಳದಲ್ಲಿ ಕಾಣಿಸಿಕೊಂಡಾಗ ಅದು ಫಿಸ್ಟುಲಾದಿಂದ ಬಂದಿತೇ ಅಥವಾ ಗಂಟಲಿನಿಂದಲೇ ಜಾರಿತೇ ಎಂಬುದನ್ನು ಚಲಿಸುವ ಚಿತ್ರದ ಆರಂಭದ ಕ್ಷಣಗಳಿಂದ ನಿರ್ಧರಿಸಬೇಕಾಗುತ್ತದೆ.

ಅಂತರ್ದರ್ಶನ

ಬ್ರಾಂಕೋಸ್ಕೋಪಿಯಲ್ಲಿ ಶ್ವಾಸನಾಳದ ಹಿಂಗೋಡೆಯನ್ನು ಸೂಕ್ಷ್ಮವಾಗಿ ನೋಡಲಾಗುತ್ತದೆ. ಫಿಸ್ಟುಲಾದ ಬಾಯಿ ಲೋಳೆಪೊರೆಯ ಮಡಿಕೆಯಲ್ಲಿ ಒಂದು ಕುಳಿಯಂತೆ ಮಾತ್ರ ಕಾಣಬಹುದು. ಅನ್ನನಾಳಕ್ಕೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಬಿಟ್ಟು ಶ್ವಾಸನಾಳದಲ್ಲಿ ಅದು ಎಲ್ಲಿ ಒಸರುತ್ತದೆಂದು ನೋಡುವುದು ಒಂದು ವಿಧಾನ. ಕುಳಿಯ ಮೂಲಕ ತೆಳುವಾದ ತಂತಿ ಅಥವಾ ಕೊಳವೆಯನ್ನು ತೂರಿಸಿ, ಅದು ಅನ್ನನಾಳದಲ್ಲಿ ಹೊರಬರುವುದನ್ನು ಎಂಡೋಸ್ಕೋಪಿಯಿಂದ ನೋಡಿದರೆ ನಿರ್ಣಯ ಖಚಿತವಾಗುತ್ತದೆ. ಅನ್ನನಾಳದ ಕಡೆಯ ಬಾಯಿ ಅತಿ ಚಿಕ್ಕದಾಗಿರುವ ಕಾರಣ ಎಂಡೋಸ್ಕೋಪಿಯೊಂದರಿಂದಲೇ ಫಿಸ್ಟುಲಾ ಇಲ್ಲವೆಂದು ಹೇಳಲಾಗದು. ಅಂತರ್ದರ್ಶನದ ವೇಳೆ ಅನುಮಾನಾಸ್ಪದ ಭಾಗದಿಂದ ಅಂಗಾಂಶದ ತುಣುಕನ್ನು ತೆಗೆದು ಪರೀಕ್ಷಿಸುವುದರಿಂದ ಕ್ಯಾನ್ಸರ್ ಮತ್ತು ಕ್ಷಯವನ್ನು ತಳ್ಳಿಹಾಕಲು ಸಾಧ್ಯವಾಗುತ್ತದೆ.

ಸಿ.ಟಿ. ಸ್ಕ್ಯಾನ್

ತೆಳು ಪದರಗಳ ಸಿ.ಟಿ. ಸ್ಕ್ಯಾನ್ ಫಿಸ್ಟುಲಾದ ಸ್ಥಾನ, ಸುತ್ತಲಿನ ದುಗ್ಧಗ್ರಂಥಿಗಳು ಮತ್ತು ಶ್ವಾಸಕೋಶಕ್ಕಾದ ಹಾನಿಯನ್ನು ತೋರಿಸುತ್ತದೆ. ಮುಚ್ಚಿಕೊಂಡಿರುವ ಚಿಕ್ಕ ನಾಳವು ಇದರಲ್ಲಿ ಕಾಣದಿರಬಹುದು. ನಾಲ್ಕನೆಯ ವಿಧದ ಸಂಶಯವಿದ್ದರೆ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಅಗತ್ಯ. ಮಹಾಧಮನಿಯಿಂದ ಹೊರಟ ಅಸಹಜ ಶಾಖೆಯು ಮೊದಲೇ ತಿಳಿದಿರದಿದ್ದರೆ ಶಸ್ತ್ರಚಿಕಿತ್ಸೆಯ ವೇಳೆ ಅದು ತುಂಡಾಗಿ ತೀವ್ರ ರಕ್ತಸ್ರಾವವಾಗುವ ಅಪಾಯವಿದೆ.

ಇತರ ರೋಗಗಳಿಂದ ಪ್ರತ್ಯೇಕಿಸುವಿಕೆ

ವಯಸ್ಕರಲ್ಲಿ ಕಂಡುಬರುವ ಬಹುಪಾಲು ಶ್ವಾಸಮಾರ್ಗ-ಅನ್ನನಾಳ ಫಿಸ್ಟುಲಾಗಳು ಜನ್ಮಜಾತವಲ್ಲ. ಅನ್ನನಾಳದ ಅಥವಾ ಶ್ವಾಸಕೋಶದ ಕ್ಯಾನ್ಸರ್, ದೀರ್ಘಕಾಲ ಇಟ್ಟ ಉಸಿರಾಟದ ಕೊಳವೆಯ ಬಲೂನಿನ ಒತ್ತಡ, ಗಾಯ, ನುಂಗಿದ ಬ್ಯಾಟರಿಯಂತಹ ವಸ್ತುಗಳು ಮತ್ತು ಎದೆಯ ಗ್ರಂಥಿಗಳ ಸೋಂಕು ಅದಕ್ಕೆ ಮುಖ್ಯ ಕಾರಣಗಳು. ಆದ್ದರಿಂದ ಇವನ್ನೆಲ್ಲ ತಳ್ಳಿಹಾಕಿದ ಮೇಲೆಯೇ ಫಿಸ್ಟುಲಾವನ್ನು ಜನ್ಮಜಾತವೆಂದು ಪರಿಗಣಿಸುತ್ತಾರೆ.

ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಮತ್ತು ಅನಂತರದ ಸೂಕ್ಷ್ಮದರ್ಶಕ ಪರೀಕ್ಷೆಯಲ್ಲಿ ಮೂರು ಅಂಶಗಳು ಜನ್ಮಜಾತ ಮೂಲವನ್ನು ಸೂಚಿಸುತ್ತವೆ: ಫಿಸ್ಟುಲಾದ ಸುತ್ತ ಉರಿಯೂತದ ಗುರುತುಗಳು ಇಲ್ಲದಿರುವುದು, ಅಂಟಿಕೊಂಡ ದುಗ್ಧಗ್ರಂಥಿಗಳು ಇಲ್ಲದಿರುವುದು ಮತ್ತು ನಾಳದ ಒಳಗೋಡೆಗೆ ತನ್ನದೇ ಆದ ಲೋಳೆಪೊರೆ ಹಾಗೂ ಸ್ನಾಯುಪದರ ಇರುವುದು.

ಕ್ಷಯರೋಗದೊಡನೆ ಆಗುವ ಗೊಂದಲವು ಭಾರತದ ಸಂದರ್ಭದಲ್ಲಿ ವಿಶೇಷ ಮಹತ್ವದ್ದಾಗಿದೆ. ವಿಶ್ವದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ. ದೀರ್ಘಕಾಲದ ಕೆಮ್ಮು, ಕಫದಲ್ಲಿ ರಕ್ತ ಮತ್ತು ತೂಕ ಇಳಿಕೆ ಇರುವ ರೋಗಿಯಲ್ಲಿ ಮೊದಲು ಕ್ಷಯವನ್ನು ಸಂಶಯಿಸುವುದು ಸರಿಯಾದ ಕ್ರಮವೇ ಆಗಿದೆ. ಆದರೆ ಕಫದಲ್ಲಿ ಕ್ಷಯಾಣು ಸಿಗದೆ, ಔಷಧಿಯಿಂದ ಗುಣವೂ ಕಾಣದೆ, ನುಂಗುವಾಗ ಕೆಮ್ಮು ಮುಂದುವರಿದರೆ ಮತ್ತೊಮ್ಮೆ ಅದೇ ಔಷಧಿಗಳನ್ನು ಆರಂಭಿಸುವ ಮೊದಲು ಬೇರಿಯಂ ಪರೀಕ್ಷೆಯನ್ನು ಪರಿಗಣಿಸಬೇಕಾಗುತ್ತದೆ. ಎದೆಯ ಗ್ರಂಥಿಗಳ ಕ್ಷಯವು ತಾನೇ ಫಿಸ್ಟುಲಾವನ್ನು ಉಂಟುಮಾಡಬಲ್ಲದು. ಅಂತಹ ಫಿಸ್ಟುಲಾವು ಹಲವು ಸಂದರ್ಭಗಳಲ್ಲಿ ಔಷಧಿಯಿಂದಲೇ ಮುಚ್ಚಿಕೊಳ್ಳುತ್ತದೆ; ಜನ್ಮಜಾತ ಫಿಸ್ಟುಲಾ ಹಾಗೆ ಮುಚ್ಚಿಕೊಳ್ಳುವುದಿಲ್ಲ. ಚಿಕಿತ್ಸೆಯ ದಾರಿ ಬೇರೆಯಾಗುವುದರಿಂದ ಇವೆರಡನ್ನು ಪ್ರತ್ಯೇಕಿಸುವುದು ಅಗತ್ಯ.

ಚಿಕಿತ್ಸೆ

ಜನ್ಮಜಾತ ಫಿಸ್ಟುಲಾದ ಒಳಗೋಡೆಗೆ ಲೋಳೆಪೊರೆಯ ಹೊದಿಕೆ ಇರುವುದರಿಂದ ಅದು ತಾನಾಗಿ ಮಾಯುವುದಿಲ್ಲ. ಶಸ್ತ್ರಚಿಕಿತ್ಸೆಯೇ ಇದರ ನಿಶ್ಚಿತ ಚಿಕಿತ್ಸೆ.

ಸಿದ್ಧತೆ

ಶಸ್ತ್ರಚಿಕಿತ್ಸೆಗೆ ಮುನ್ನ ಶ್ವಾಸಕೋಶದ ಸೋಂಕನ್ನು ಪ್ರತಿಜೈವಿಕಗಳಿಂದಲೂ ಎದೆಯ ಫಿಸಿಯೋಥೆರಪಿಯಿಂದಲೂ ಹತೋಟಿಗೆ ತರುತ್ತಾರೆ. ಬಾಯಿಯ ಮೂಲಕ ಆಹಾರ ಸೇವನೆಯಿಂದ ಸೋಂಕು ಮುಂದುವರಿಯುತ್ತಿದ್ದರೆ ಕೊಳವೆಯ ಮೂಲಕ ಪೋಷಣೆ ನೀಡುತ್ತಾರೆ. ಜಠರದ ಆಮ್ಲವು ಮೇಲೇರುವ ತೊಂದರೆಯಿದ್ದರೆ ಅದಕ್ಕೂ ಚಿಕಿತ್ಸೆ ನೀಡಲಾಗುತ್ತದೆ.

ಅರಿವಳಿಕೆ

ಅರಿವಳಿಕೆ ತಜ್ಞರಿಗೆ ಇದು ಎಚ್ಚರಿಕೆಯ ಸಂದರ್ಭ. ಯಂತ್ರದಿಂದ ಒತ್ತಿದ ಗಾಳಿಯು ಫಿಸ್ಟುಲಾದ ಮೂಲಕ ಜಠರವನ್ನು ತುಂಬಿದರೆ ಉಸಿರಾಟ ಕುಂಠಿತವಾಗುತ್ತದೆ ಮತ್ತು ಜಠರದ ದ್ರವವು ಶ್ವಾಸಕೋಶಕ್ಕೆ ಮರಳುವ ಭಯವಿರುತ್ತದೆ. ಆದ್ದರಿಂದ ಬ್ರಾಂಕೋಸ್ಕೋಪಿನ ನೆರವಿನಿಂದ ಉಸಿರಾಟದ ಕೊಳವೆಯ ಬಲೂನನ್ನು ಫಿಸ್ಟುಲಾದ ಕೆಳಗೆ ಇರಿಸುತ್ತಾರೆ. ಎದೆಯನ್ನು ತೆರೆಯುವ ಶಸ್ತ್ರಚಿಕಿತ್ಸೆಯಲ್ಲಿ ಎರಡು ನಾಲೆಗಳ ಕೊಳವೆಯನ್ನು ಬಳಸಿ ಒಂದು ಶ್ವಾಸಕೋಶಕ್ಕೆ ಮಾತ್ರ ಗಾಳಿ ನೀಡುತ್ತಾರೆ. ಆರಂಭದಲ್ಲಿಯೇ ಫಿಸ್ಟುಲಾದ ಮೂಲಕ ತಂತಿಯೊಂದನ್ನು ತೂರಿಸಿಟ್ಟರೆ ಶಸ್ತ್ರಚಿಕಿತ್ಸಕರಿಗೆ ಅದರ ಸ್ಥಾನವನ್ನು ಬೆರಳಿನಿಂದ ಮುಟ್ಟಿ ಗುರುತಿಸುವುದು ಸುಲಭವಾಗುತ್ತದೆ.

ಕುತ್ತಿಗೆಯ ಮಾರ್ಗ

ಫಿಸ್ಟುಲಾವು ಎದೆಯ ಎರಡನೆಯ ಕಶೇರುವಿನ ಮಟ್ಟಕ್ಕಿಂತ ಮೇಲಿದ್ದರೆ ಕುತ್ತಿಗೆಯಲ್ಲಿ ಮಾಡಿದ ಛೇದದ ಮೂಲಕವೇ ಅದನ್ನು ತಲುಪಬಹುದು. ಧ್ವನಿಪೆಟ್ಟಿಗೆಗೆ ಹೋಗುವ ಪುನರಾವರ್ತಿ ನರವು ಶ್ವಾಸನಾಳ ಮತ್ತು ಅನ್ನನಾಳಗಳ ನಡುವಿನ ಸಂದಿನಲ್ಲಿಯೇ ಸಾಗುತ್ತದೆ. ಅದಕ್ಕೆ ಪೆಟ್ಟಾದರೆ ಸ್ವರ ಒಡೆಯುತ್ತದೆ. ಹೀಗಾಗಿ ನರವನ್ನು ಗುರುತಿಸಿ ಕಾಪಾಡುವುದು ಈ ಶಸ್ತ್ರಚಿಕಿತ್ಸೆಯ ಮುಖ್ಯ ಹಂತವಾಗಿದೆ. ಫಿಸ್ಟುಲಾದ ಉದ್ದ ಕೆಲವೇ ಮಿಲಿಮೀಟರ್ ಇರಬಹುದು. ಅದನ್ನು ಕತ್ತರಿಸಿ ಎರಡೂ ಬದಿಯ ರಂಧ್ರಗಳನ್ನು ಪ್ರತ್ಯೇಕವಾಗಿ ಹೊಲಿಯುತ್ತಾರೆ. ಶ್ವಾಸನಾಳ ಕಿರಿದಾಗದಂತೆ ಅದರ ಬದಿಯಲ್ಲಿ ಅಂಗಾಂಶದ ಸಣ್ಣ ಅಂಚನ್ನು ಉಳಿಸಿಕೊಳ್ಳುತ್ತಾರೆ. ಎರಡು ಹೊಲಿಗೆಗಳು ಒಂದಕ್ಕೊಂದು ತಾಗಿದ್ದರೆ ಫಿಸ್ಟುಲಾ ಮರಳಿ ಉಂಟಾಗಬಹುದಾದ್ದರಿಂದ ನಡುವೆ ಕುತ್ತಿಗೆಯ ಸ್ನಾಯುವಿನ ಪಟ್ಟಿಯೊಂದನ್ನು ಇರಿಸುತ್ತಾರೆ.

ಎದೆಯ ಮಾರ್ಗ

ಕೆಳಗಿರುವ ಫಿಸ್ಟುಲಾಗಳಿಗೂ ಶ್ವಾಸಕವಲಿನ ಫಿಸ್ಟುಲಾಗಳಿಗೂ ಎದೆಗೂಡನ್ನು, ಹೆಚ್ಚಾಗಿ ಬಲಬದಿಯಿಂದ, ತೆರೆಯಬೇಕಾಗುತ್ತದೆ. ಆಯ್ದ ರೋಗಿಗಳಲ್ಲಿ ಕ್ಯಾಮೆರಾದ ನೆರವಿನ ಚಿಕ್ಕ ರಂಧ್ರಗಳ ವಿಧಾನವನ್ನು ಬಳಸಲಾಗುತ್ತದೆ. ನಾಳವನ್ನು ಕತ್ತರಿಸಿ ಎರಡೂ ತುದಿಗಳನ್ನು ಹೊಲಿಗೆಯಿಂದ ಅಥವಾ ಸ್ಟೇಪ್ಲರ್‌ನಿಂದ ಮುಚ್ಚುತ್ತಾರೆ. ನಡುವೆ ಪಕ್ಕೆಲುಬುಗಳ ನಡುವಿನ ಸ್ನಾಯು, ಎದೆಪೊರೆ ಅಥವಾ ಹೃದಯಾವರಣದ ಕೊಬ್ಬಿನ ತುಣುಕನ್ನು ಇರಿಸುತ್ತಾರೆ. ಕೆಳಹಾಲೆಯು ಬ್ರಾಂಕಿಯೆಕ್ಟಾಸಿಸ್‌ನಿಂದ ಪೂರ್ಣವಾಗಿ ನಾಶವಾಗಿದ್ದರೆ ಅದನ್ನೂ ತೆಗೆಯುತ್ತಾರೆ. ನಿರ್ಣಯ ತಡವಾದುದರ ಬೆಲೆ ಇಲ್ಲಿ ಕಾಣುತ್ತದೆ. ಬೇಗ ಪತ್ತೆಯಾದಾಗ ಚಿಕ್ಕ ನಾಳವೊಂದನ್ನು ಮುಚ್ಚಿದರೆ ಸಾಕಾಗುತ್ತಿದ್ದ ಕಡೆ, ತಡವಾದಾಗ ಶ್ವಾಸಕೋಶದ ಹಾಲೆಯನ್ನೇ ಕಳೆದುಕೊಳ್ಳಬೇಕಾಗುತ್ತದೆ.

ನಾಳವನ್ನು ಕತ್ತರಿಸದೆ ಕೇವಲ ದಾರದಿಂದ ಬಿಗಿದು ಕಟ್ಟುವ ಪದ್ಧತಿಯಲ್ಲಿ ಫಿಸ್ಟುಲಾ ಮರುಕಳಿಸುವ ಸಂಭವ ಹೆಚ್ಚಿರುವುದರಿಂದ ಕತ್ತರಿಸಿ ಮುಚ್ಚುವುದಕ್ಕೇ ಆದ್ಯತೆ ನೀಡಲಾಗುತ್ತದೆ.

ಅಂತರ್ದರ್ಶಕ ವಿಧಾನಗಳು

ಫೈಬ್ರಿನ್ ಅಂಟು, ಲೋಹದ ಕ್ಲಿಪ್, ಸ್ಟೆಂಟ್ ಅಥವಾ ಲೋಳೆಪೊರೆಯನ್ನು ಸುಡುವ ವಿಧಾನಗಳಿಂದ ಫಿಸ್ಟುಲಾವನ್ನು ಮುಚ್ಚುವ ಪ್ರಯತ್ನಗಳು ನಡೆದಿವೆ. ಶಸ್ತ್ರಚಿಕಿತ್ಸೆಯನ್ನು ತಾಳಲಾರದ ರೋಗಿಗಳಲ್ಲಿ ಮತ್ತು ಮರುಕಳಿಸಿದ ಚಿಕ್ಕ ಫಿಸ್ಟುಲಾಗಳಲ್ಲಿ ಇವುಗಳಿಗೆ ಸ್ಥಾನವಿದೆ. ಆದರೆ ಲೋಳೆಪೊರೆಯ ಹೊದಿಕೆ ಉಳಿದಿದ್ದರೆ ದಾರಿ ಮತ್ತೆ ತೆರೆದುಕೊಳ್ಳುವುದರಿಂದ ಇವು ಶಸ್ತ್ರಚಿಕಿತ್ಸೆಗೆ ಸಮನಾದ ಪರ್ಯಾಯಗಳೆನಿಸಿಲ್ಲ.

ಶಸ್ತ್ರಚಿಕಿತ್ಸೆಯ ನಂತರ

ಕೆಲವು ದಿನಗಳ ಕಾಲ ಬಾಯಿಯ ಮೂಲಕ ಆಹಾರವನ್ನು ನಿಲ್ಲಿಸಿ ಕೊಳವೆಯಿಂದ ಪೋಷಣೆ ನೀಡುತ್ತಾರೆ. ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಮತ್ತೊಮ್ಮೆ ನುಂಗುವ ಪರೀಕ್ಷೆ ಮಾಡಿ ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ದ್ರವಾಹಾರವನ್ನು ಆರಂಭಿಸುತ್ತಾರೆ. ಹೊಲಿಗೆಯ ಸೋರಿಕೆ, ಗಾಯದ ಸೋಂಕು, ಸ್ವರದ ದೌರ್ಬಲ್ಯ, ಅನ್ನನಾಳ ಅಥವಾ ಶ್ವಾಸನಾಳ ಕಿರಿದಾಗುವುದು ಮತ್ತು ಫಿಸ್ಟುಲಾದ ಮರುಕಳಿಕೆ ಸಂಭವನೀಯ ತೊಡಕುಗಳಾಗಿವೆ. ಚೇತರಿಸಿಕೊಂಡ ರೋಗಿಗೆ ನುಂಗುವಾಗ ಕೆಮ್ಮು ಮತ್ತೆ ಆರಂಭವಾದರೆ ತಡಮಾಡದೆ ಪರೀಕ್ಷೆಗೆ ಒಳಪಡಬೇಕು.

ಮುನ್ನೋಟ

ಶ್ವಾಸಕೋಶಕ್ಕೆ ಹೆಚ್ಚಿನ ಹಾನಿಯಾಗುವ ಮೊದಲೇ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಫಲಿತಾಂಶ ಉತ್ತಮವಾಗಿದೆ. ನುಂಗುವಾಗ ಬರುತ್ತಿದ್ದ ಕೆಮ್ಮು ಶಸ್ತ್ರಚಿಕಿತ್ಸೆಯೊಡನೆಯೇ ನಿಲ್ಲುತ್ತದೆ. ಬ್ರಾಂಕಿಯೆಕ್ಟಾಸಿಸ್ ಉಳಿದಿರುವವರಲ್ಲಿ ಕಫ ಮತ್ತು ಸೋಂಕಿನ ಪ್ರವೃತ್ತಿ ಮುಂದುವರಿಯಬಹುದಾದ್ದರಿಂದ ಅವರಿಗೆ ಎದೆಯ ಫಿಸಿಯೋಥೆರಪಿ, ಲಸಿಕೆಗಳು ಮತ್ತು ನಿಯತ ತಪಾಸಣೆ ಅಗತ್ಯವಾಗುತ್ತವೆ. ಚಿಕಿತ್ಸೆ ಪಡೆಯದ ಫಿಸ್ಟುಲಾವು ಮರುಕಳಿಸುವ ಸೋಂಕು, ಕೀವುಗಡ್ಡೆ ಮತ್ತು ರಕ್ತಸ್ರಾವಗಳಿಂದ ಪ್ರಾಣಕ್ಕೆ ಅಪಾಯ ತರಬಲ್ಲದು.